ಕಾರು ಮಾರುವವರೇ, ಕೀಲಿಕೈ ಜೋಕೆ!

ಮಧ್ಯಮ ವರ್ಗದ ಸಂಸಾರದಲ್ಲಿ ಕಾರು ಕೇವಲ ವಾಹನವಲ್ಲ. ವರ್ಷಗಟ್ಟಲೆ ಕಂತು ಕಟ್ಟಿ ತನ್ನದಾಗಿಸಿಕೊಂಡ ಸೊತ್ತು ಅದು. ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ದದ್ದು, ಮದುವೆಯ ದಿನ ಹೂವಿನ ಹಾರ ತೊಟ್ಟು ಛತ್ರದ ಮುಂದೆ ನಿಂತದ್ದು, ಆಯುಧಪೂಜೆಯಂದು ಕುಂಕುಮ ಹಚ್ಚಿಸಿಕೊಂಡು ಚಕ್ರದಡಿಯ ನಿಂಬೆಹಣ್ಣನ್ನು ಹಿಸುಕಿದ್ದು ಎಲ್ಲವೂ ಅದೇ. ಅಂಥ ಕಾರಿಗೂ ಒಂದು ದಿನ ಬೀಳ್ಕೊಡುಗೆಯ ಕಾಲ ಬರುತ್ತದೆ. ಯಜಮಾನರಿಗೆ ನಿವೃತ್ತಿಯಾಗುತ್ತದೆ, ಮಗ ಪರದೇಶಕ್ಕೆ ಹೋಗುತ್ತಾನೆ, ಇಲ್ಲವೆ ಮನೆಯವರೆಲ್ಲ ಕೂಡಿ ಹೊಸ ಕಾರನ್ನು ಕೊಳ್ಳಲು ನಿಶ್ಚಯಿಸುತ್ತಾರೆ. ಹಳೆಯ ಕಾರುಗಳ ವ್ಯಾಪಾರಿಗೆ ಕೊಟ್ಟರೆ ಅವನ ಲಾಭವನ್ನು ಕಳೆದು ಉಳಿದದ್ದು ಮಾತ್ರ ಕೈಗೆ ಬರುತ್ತದೆ. ಬೇಕಾದವರಿಗೆ ನೇರವಾಗಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತೆಂಬ ಆಸೆ ಯಾರಿಗಾದರೂ ಸಹಜ. ಅಂತೆಯೇ ಕಾರಿನ ಚಿತ್ರವೂ ಬೆಲೆಯೂ ದೂರವಾಣಿಯ ಸಂಖ್ಯೆಯೂ ಜಾಹೀರಾತಿನಲ್ಲಿ ಪ್ರಕಟವಾಗುತ್ತವೆ. ಕರೆಗಳ ಸುರಿಮಳೆ ಪ್ರಾರಂಭವಾಗುತ್ತದೆ.

ಹಳೆಯ ಸರಕಿನ ವ್ಯಾಪಾರದಲ್ಲಿ ಎಚ್ಚರವಿರಬೇಕಾದವನು ಕೊಳ್ಳುವವನು ಎಂಬುದು ಲೋಕದ ನಂಬಿಕೆ. ಇಂಜಿನ್ ಚೆನ್ನಾಗಿದೆಯೇ, ಓಡಿದ ಮೈಲಿಗಳ ಲೆಕ್ಕ ಸರಿಯೇ ಎಂದು ಪರೀಕ್ಷಿಸಬೇಕಾದವನು ಅವನೇ ತಾನೆ? ಹಣವು ನೋಟಿನ ರೂಪದಲ್ಲಿ ಮೇಜಿನ ಮೇಲೆ ಬರುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಈಗ ಹಣಕ್ಕೆ ರೂಪವಿಲ್ಲ. 2016ರಲ್ಲಿ ಯು.ಪಿ.ಐ. ಪದ್ಧತಿ ಬಂದ ಮೇಲೆ ತರಕಾರಿಯ ಗಾಡಿಯಿಂದ ಹಿಡಿದು ಚಿನ್ನದಂಗಡಿಯವರೆಗೆ ಹಣವು ಕಣ್ಣಿಗೆ ಕಾಣದಂತೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹಾರುತ್ತದೆ. ಇದರಿಂದಾದ ಅನುಕೂಲ ಅಪಾರ. ಆದರೆ ಕಣ್ಣಿಗೆ ಕಾಣದ ಹಣವನ್ನು ಬಂದಿತೆಂದು ನಂಬಿಸುವುದೂ ಅಷ್ಟೇ ಸುಲಭ. ಕಾರಾದರೋ ಕಣ್ಣಿಗೆ ಕಾಣುವ, ಕೀಲಿ ತಿರುಗಿಸಿದರೆ ಓಡಿಹೋಗುವ ವಸ್ತು. ಕಾಣುವ ವಸ್ತುವನ್ನು ಕೊಟ್ಟು ಕಾಣದ ಹಣವನ್ನು ಪಡೆಯುವ ಈ ವಿನಿಮಯದಲ್ಲಿ ವಂಚಕನಿಗೆ ಬೇಕಾದುದು ಅರ್ಧ ಗಂಟೆಯ ಗೊಂದಲ ಮಾತ್ರ. ಆದುದರಿಂದ ಇಂದು ಎಚ್ಚರವಿರಬೇಕಾದವನು ಮಾರುವವನೂ ಹೌದು.

ಗಡಿಯಿಂದ ಬಂದ ಕರೆ

ಜಾಹೀರಾತು ಬಂದ ದಿನವೇ ಬರಬಹುದಾದ ಒಂದು ಕರೆಯ ಮಾದರಿಯನ್ನು ನೋಡಿ:

“ನಮಸ್ಕಾರ ಸಾರ್, ನಿಮ್ಮ ಕಾರಿನ ಫೋಟೋ ನೋಡಿದೆ. ನಾನು ಸೈನ್ಯದಲ್ಲಿದ್ದೇನೆ, ಈಗ ಗಡಿಯಲ್ಲಿ ಕೆಲಸ. ಕಾರು ನಮ್ಮ ತಂದೆಯವರಿಗೆ ಬೇಕು. ನೀವು ಹೇಳಿದ ಬೆಲೆಗೆ ಒಪ್ಪಿಗೆ. ಬೇರೆ ಯಾರಿಗೂ ಕೊಡಬೇಡಿ, ಮುಂಗಡ ಈಗಲೇ ಕಳಿಸುತ್ತೇನೆ.”

ಬೆನ್ನಿಗೇ ಸಮವಸ್ತ್ರ ಧರಿಸಿದ ಯುವಕನ ಚಿತ್ರ ಬರುತ್ತದೆ. ಗುರುತಿನ ಚೀಟಿಯ ಪ್ರತಿಯೂ ಬರುತ್ತದೆ. ಯೋಧನೆಂದರೆ ಯಾರ ಮನಸ್ಸು ತಾನೆ ಕರಗದು? ಆ ಗೌರವವೇ ಇಲ್ಲಿ ವಂಚಕನ ಬಂಡವಾಳ. ಆ ಚಿತ್ರವೂ ಚೀಟಿಯೂ ಮತ್ತಾರಿಂದಲೋ ಕದ್ದವು. ಭಾರತೀಯ ರಿಸರ್ವ್ ಬ್ಯಾಂಕು ಹಣಕಾಸಿನ ಮೋಸಗಳ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಲು 2022ರಲ್ಲಿ ಒಂದು ಕಿರುಹೊತ್ತಗೆಯನ್ನು ಹೊರಡಿಸಿತು. ದೂರದ ಸ್ಥಳದಲ್ಲಿರುವ ಸೈನಿಕರೆಂದು ಹೇಳಿಕೊಂಡು, ಕೊಳ್ಳುವವರ ಸೋಗಿನಲ್ಲಿ ಬರುವ ಈ ವಂಚಕರ ವಿಷಯ ಅದರಲ್ಲಿಯೂ ಇದೆ.

ಮುಂದಿನ ಅಂಕವೇ ಮುಖ್ಯವಾದುದು. “ನಿಮ್ಮ ಖಾತೆ ಸರಿಯಾಗಿದೆಯೇ ಎಂದು ನೋಡಲು ಮೊದಲು ಐದು ರೂಪಾಯಿ ಕಳಿಸುತ್ತೇನೆ” ಎನ್ನುತ್ತಾನೆ. ಐದು ರೂಪಾಯಿ ನಿಜವಾಗಿಯೇ ಬರುತ್ತದೆ! ಮೀನಿಗೆ ಹಾಕಿದ ಎರೆಹುಳು ಅದು. ಆಮೇಲೆ ಒಂದು ಕ್ಯೂ.ಆರ್. ಕೋಡಿನ ಚಿತ್ರ ಬರುತ್ತದೆ. “ಇದನ್ನು ಸ್ಕ್ಯಾನ್ ಮಾಡಿ, ನಿಮ್ಮ ಪಿನ್ ಒತ್ತಿ, ಮುಂಗಡ ಇಪ್ಪತ್ತು ಸಾವಿರ ನಿಮ್ಮ ಖಾತೆಗೆ ಬರುತ್ತದೆ” ಎಂಬ ಸೂಚನೆ. ಗೃಹಸ್ಥರು ಪಿನ್ ಒತ್ತುತ್ತಾರೆ. ಇಪ್ಪತ್ತು ಸಾವಿರ ಬರುವುದಿಲ್ಲ, ಹೋಗುತ್ತದೆ. ಗಾಬರಿಯಿಂದ ಕೇಳಿದರೆ “ಅಯ್ಯೋ, ಏನೋ ತಪ್ಪಾಯಿತು ಸಾರ್, ಇನ್ನೊಮ್ಮೆ ಒತ್ತಿ, ಎರಡೂ ಸೇರಿ ವಾಪಸು ಬರುತ್ತದೆ” ಎಂಬ ಉತ್ತರ. ಕಳೆದುಕೊಂಡದ್ದನ್ನು ಹಿಂದಕ್ಕೆ ಪಡೆಯುವ ಆತುರದಲ್ಲಿ ಎರಡನೆಯ ಸಲ ಒತ್ತಿದವರೂ ಉಂಟು.

ಇಲ್ಲಿ ನೆನಪಿಡಬೇಕಾದ ತತ್ತ್ವ ಒಂದೇ. ಯು.ಪಿ.ಐ. ಪಿನ್ ಎಂಬುದು ಹಣದ ಪೆಟ್ಟಿಗೆಯ ಬೀಗದ ಕೈ. ಹಣವನ್ನು ಹೊರಗೆ ಕಳುಹಿಸಲು ಅದು ಬೇಕು. ಖಾತೆಯಲ್ಲಿ ಎಷ್ಟಿದೆ ಎಂದು ನೋಡಲೂ ಅದನ್ನು ಒತ್ತಬೇಕಾಗುತ್ತದೆ. ಆದರೆ ಹಣವನ್ನು ಪಡೆಯಲು ಅದು ಎಂದೂ ಬೇಕಿಲ್ಲ. ಹಣ ಪಡೆಯಲು ಕ್ಯೂ.ಆರ್. ಕೋಡನ್ನು ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಪರರು ಮನೆಗೆ ಅಕ್ಕಿಯ ಮೂಟೆ ತಂದು ಹಾಕಲು ನಮ್ಮ ಕಣಜದ ಬೀಗ ತೆಗೆಯೆಂದು ಕೇಳುವರೇ?

ಹಣ ಬೇಕೆಂಬ ‘ಕೋರಿಕೆ’ಯನ್ನು ಒಬ್ಬ ವ್ಯಕ್ತಿ ಇನ್ನೊಬ್ಬರ ಮೊಬೈಲಿಗೆ ಕಳುಹಿಸಿ, ಅದನ್ನು ಒಪ್ಪುವಂತೆ ಮಾಡುವ ಉಪಾಯವೂ ಬಹಳ ಕಾಲ ನಡೆಯಿತು. ಅದರ ದುರುಪಯೋಗ ಮಿತಿಮೀರಿದ ಕಾರಣ ರಾಷ್ಟ್ರೀಯ ಪಾವತಿ ನಿಗಮವು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು ನಿಜ, ಕ್ಯೂ.ಆರ್. ಕೋಡಿನ ಕಿಟಕಿ ತೆರೆದೇ ಇದೆ. ಸಹಾಯ ಮಾಡುವ ನೆಪದಿಂದ ಯಾವುದಾದರೂ ಆ್ಯಪನ್ನು ಹಾಕಿಕೊಳ್ಳುವಂತೆ ಹೇಳಿ, ಅದರ ಮೂಲಕ ಮೊಬೈಲಿನ ಪರದೆಯನ್ನು ದೂರದಿಂದಲೇ ನೋಡುವ ಚತುರರೂ ಇದ್ದಾರೆ. ಅಪರಿಚಿತರ ಮಾತಿನಂತೆ ಯಾವ ಆ್ಯಪನ್ನೂ ಹಾಕಿಕೊಳ್ಳಲಾಗದು.

ಇಂಥ ಕರೆಗಳಿಗೆ ಮೂರು ಲಕ್ಷಣಗಳಿವೆ. ಕಾರನ್ನು ನೋಡದೆಯೇ ಒಪ್ಪಿಗೆ, ಚೌಕಾಶಿಯಿಲ್ಲದ ಬೆಲೆ, ಉಸಿರಾಡಲು ಬಿಡದ ಅವಸರ. ಸೊಪ್ಪಿನ ಕಟ್ಟಿಗೂ ಚೌಕಾಶಿ ಮಾಡುವ ನಾಡಿನಲ್ಲಿ ಲಕ್ಷಾಂತರ ರೂಪಾಯಿಯ ಕಾರಿಗೆ ಚೌಕಾಶಿ ಮಾಡದವನನ್ನು ಕಂಡರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು.

ಪರದೆಯ ಮೇಲಿನ ಹಣ

ಎರಡನೆಯ ಬಗೆಯ ವಂಚಕನು ಮನೆಗೇ ಬರುತ್ತಾನೆ. ಒಳ್ಳೆಯ ಉಡುಪು, ವಿನಯದ ಮಾತು. ಕಾರನ್ನು ಸುತ್ತಿ ನೋಡುತ್ತಾನೆ, ಎರಡು ಕುಂದು ಹೇಳಿ ಸ್ವಲ್ಪ ಬೆಲೆ ಇಳಿಸುತ್ತಾನೆ, ಕಾಫಿ ಕುಡಿಯುತ್ತಾನೆ. ಹೊತ್ತು ಸಾಯಂಕಾಲ; ವಾರ ಬಹುಶಃ ಶನಿವಾರ. ತನ್ನ ಮೊಬೈಲಿನಲ್ಲಿ ಏನೋ ಒತ್ತಿ, ಹಸಿರು ಬಣ್ಣದ ಗುರುತು ಮೂಡಿದ ಪರದೆಯನ್ನು ತೋರಿಸಿ, “ಹಣ ಹೋಯಿತು ಸಾರ್” ಎನ್ನುತ್ತಾನೆ. ಪರದೆಯ ಮೇಲೆ ಮಾರುವವರ ಹೆಸರಿದೆ, ಮೊತ್ತವಿದೆ, ದಿನಾಂಕವಿದೆ, ಉದ್ದನೆಯ ಸಂಖ್ಯೆಯೂ ಇದೆ. ನಿಜವಾದ ಆ್ಯಪಿನ ವೇಷ ಹಾಕಿದ ನಕಲಿ ಆ್ಯಪುಗಳು ಇಂಥ ಪರದೆಯನ್ನು ಕ್ಷಣಮಾತ್ರದಲ್ಲಿ ಸೃಷ್ಟಿಸಿಕೊಡುತ್ತವೆ. ಅಷ್ಟರಲ್ಲಿ ಮಾರುವವರ ಮೊಬೈಲಿಗೂ ‘ನಿಮ್ಮ ಖಾತೆಗೆ ಇಷ್ಟು ಜಮೆಯಾಗಿದೆ’ ಎಂಬ ಸಂದೇಶ ಬಂದೇ ಬಿಡುತ್ತದೆ. ಆದರೆ ಅದನ್ನು ಕಳುಹಿಸಿದ್ದು ಬ್ಯಾಂಕಲ್ಲ. ಎಲ್ಲೋ ಕುಳಿತಿರುವ ಅವನ ಜೊತೆಗಾರ.

“ಇನ್ನೂ ಖಾತೆಯಲ್ಲಿ ಕಾಣಿಸುತ್ತಿಲ್ಲವಲ್ಲ?” ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಸರ್ವರ್ ನಿಧಾನ ಸಾರ್, ನಾಳೆ ಭಾನುವಾರ, ಸೋಮವಾರ ಬರುತ್ತದೆ.” ಇದು ಶುದ್ಧ ಸುಳ್ಳು. ನೆಫ್ಟ್ ಪದ್ಧತಿ 2019ರ ಡಿಸೆಂಬರ್‌ನಿಂದಲೂ ಆರ್.ಟಿ.ಜಿ.ಎಸ್. ಪದ್ಧತಿ 2020ರ ಡಿಸೆಂಬರ್‌ನಿಂದಲೂ ಭಾನುವಾರ, ಹಬ್ಬ ಹರಿದಿನಗಳೆನ್ನದೆ ಹಗಲು ರಾತ್ರಿ ನಡೆಯುತ್ತಿವೆ. ನಿಜವಾಗಿ ಕಳುಹಿಸಿದ ಹಣಕ್ಕೆ ವಾರದ ರಜೆಯಿಲ್ಲ. ಇನ್ನೊಂದು ಮಾತು: ಯು.ಪಿ.ಐ. ಮೂಲಕ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿಗಿಂತ ಹೆಚ್ಚು ಕಳುಹಿಸಲಾಗದು. ನಾಲ್ಕು ಲಕ್ಷದ ಕಾರಿನ ಪೂರ್ತಿ ಬೆಲೆಯನ್ನು ಒಂದೇ ಏಟಿಗೆ ಯು.ಪಿ.ಐ.ನಲ್ಲಿ ಕಳುಹಿಸಿದೆನೆನ್ನುವವನ ಪರದೆಯನ್ನು ನಂಬುವ ಮೊದಲು ಈ ಸಣ್ಣ ಲೆಕ್ಕವನ್ನು ಜ್ಞಾಪಿಸಿಕೊಳ್ಳುವುದು ಲೇಸು.

ಇದರದೇ ಇನ್ನೊಂದು ಅವತಾರ ‘ಹೆಚ್ಚು ಹಣ’ದ ಆಟ. ಐದು ಸಾವಿರ ಮುಂಗಡ ಕಳುಹಿಸಬೇಕಾದವನು “ಕೈತಪ್ಪಿ ಐವತ್ತು ಸಾವಿರ ಒತ್ತಿಬಿಟ್ಟೆ, ತಾಯಿಯ ಆಸ್ಪತ್ರೆಯ ಖರ್ಚಿಗೆ ಇಟ್ಟದ್ದು, ದಯವಿಟ್ಟು ನಲವತ್ತೈದು ಸಾವಿರ ಹಿಂದಕ್ಕೆ ಕಳಿಸಿ” ಎಂದು ಅಳುದನಿಯಲ್ಲಿ ಬೇಡುತ್ತಾನೆ. ಸಂದೇಶದಲ್ಲಿ ಐವತ್ತು ಸಾವಿರವೆಂದೇ ಇರುತ್ತದೆ. ಖಾತೆಯಲ್ಲಿ ಮಾತ್ರ ಬಿಡಿಗಾಸೂ ಇರುವುದಿಲ್ಲ. ಕರುಣೆಯಿಂದ ಹಿಂದಿರುಗಿಸಿದ ನಲವತ್ತೈದು ಸಾವಿರ ಮಾರುವವರ ಸ್ವಂತ ಗಂಟು.

ಈ ಎಲ್ಲಕ್ಕೂ ಮದ್ದು ಒಂದೇ. ಕೊಳ್ಳುವವನ ಮೊಬೈಲನ್ನು ನೋಡಬೇಡಿ. ನಿಮ್ಮ ಮೊಬೈಲಿಗೆ ಬಂದ ಸಂದೇಶವನ್ನೂ ನಂಬಬೇಡಿ. ನಿಮ್ಮ ಬ್ಯಾಂಕಿನ ಆ್ಯಪನ್ನು ನೀವೇ ತೆರೆದು, ಖಾತೆಯ ಬಾಕಿಯನ್ನು ನೀವೇ ಓದಿ. ಅದು ತಿಳಿಯದ ಹಿರಿಯರು ಪಾಸ್‌ಪುಸ್ತಕವನ್ನು ತೆಗೆದುಕೊಂಡು ಬ್ಯಾಂಕಿಗೇ ಹೋಗಿ ವಿಚಾರಿಸಲಿ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬ ಎರಡು ಅಂಕಿಗಳಿಗಿಂತ ದೊಡ್ಡ ಸಾಕ್ಷಿ ಬೇರೆಯಿಲ್ಲ.

ಚೆಕ್ಕು, ಡ್ರಾಫ್ಟು ಮತ್ತು ನೋಟಿನ ಕಟ್ಟು

ಹಳೆಯ ಪದ್ಧತಿಗಳೇ ವಾಸಿಯೆಂದು ಕೆಲವರು ಭಾವಿಸುವುದುಂಟು. ಅವುಗಳಲ್ಲಿಯೂ ಹೊಂಡಗಳಿವೆ.

ಚೆಕ್ಕು ಹಣವಲ್ಲ, ಹಣ ಕೊಡುವೆನೆಂಬ ಮಾತು ಮಾತ್ರ. ವಂಚಕನು ಕೆಲವೊಮ್ಮೆ ಮಾರುವವರ ಖಾತೆಗೆ ತಾನೇ ಚೆಕ್ಕನ್ನು ಕಟ್ಟಿ, ಬ್ಯಾಂಕಿನ ಮುದ್ರೆಯಿರುವ ರಸೀದಿಯನ್ನು ತಂದು ತೋರಿಸುತ್ತಾನೆ. ಚೆಕ್ಕು ವಸೂಲಾಗುವ ಮೊದಲೇ ಕೆಲವು ಖಾತೆಗಳಲ್ಲಿ ಆ ಮೊತ್ತವು ‘ಇನ್ನೂ ಪಕ್ಕಾ ಆಗದ ಹಣ’ವೆಂದು ಕಾಣಿಸಿಕೊಳ್ಳುವುದೂ ಉಂಟು. ಅದನ್ನು ನಂಬಿ ಕಾರು ಕೊಟ್ಟರೆ ಚೆಕ್ಕು ಹಿಂದಿರುಗುವ ಹೊತ್ತಿಗೆ ಕಾರು ಊರು ದಾಟಿರುತ್ತದೆ. ಚೆಕ್ಕು ಹಿಂದಿರುಗಿದರೆ ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೆಯ ಕಲಮಿನಂತೆ, ಚೆಕ್ಕು ಹಿಂದಿರುಗಿದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಅಪರಾಧಿಗೆ 2 ವರ್ಷಗಳವರೆಗೆ ಸೆರೆ, ಇಲ್ಲವೆ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೆ ಎರಡೂ ಉಂಟು. ಆದರೆ ಈ ಕಾನೂನು ಹೆಸರು ವಿಳಾಸಗಳುಳ್ಳ ಮನುಷ್ಯನ ಮೇಲೆ ನಡೆದೀತು. ಸುಳ್ಳು ಹೆಸರಿನವನಿಗೆ, ಕದ್ದ ಚೆಕ್ಕುಪುಸ್ತಕದವನಿಗೆ ನೋಟೀಸನ್ನು ಯಾವ ವಿಳಾಸಕ್ಕೆ ಕಳುಹಿಸುವುದು?

ಡಿಮಾಂಡ್ ಡ್ರಾಫ್ಟು ಚೆಕ್ಕಿಗಿಂತ ಭದ್ರವೇನೋ ನಿಜ, ಅದು ಅಸಲಿಯಾಗಿದ್ದರೆ! ನಕಲಿ ಡ್ರಾಫ್ಟನ್ನು ಮುದ್ರಿಸುವವರೂ ಇದ್ದಾರೆ. 2018ರ ಸೆಪ್ಟೆಂಬರ್‌ನಿಂದ ಡ್ರಾಫ್ಟಿನ ಮುಖದ ಮೇಲೆಯೇ ಅದನ್ನು ಕೊಂಡವನ ಹೆಸರೂ ಇರಬೇಕೆಂಬ ನಿಯಮವಿದೆ. ಆ ಹೆಸರಿಗೂ ಎದುರಿಗೆ ನಿಂತವನ ಹೆಸರಿಗೂ ತಾಳೆಯಿದೆಯೇ ನೋಡಬೇಕು. ಡ್ರಾಫ್ಟಿನ ಮೇಲೆಯೇ ಅಚ್ಚಾಗಿರುವ ದೂರವಾಣಿಯ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿದರೆ ಪ್ರಯೋಜನವಿಲ್ಲ; ನಕಲಿ ಡ್ರಾಫ್ಟಿನಲ್ಲಿ ಆ ಸಂಖ್ಯೆಯೂ ನಕಲಿಯೇ. ಶಾಖೆಗೆ ಖುದ್ದಾಗಿ ಹೋಗಿ ವಿಚಾರಿಸುವುದೇ ಕ್ಷೇಮ.

ನಗದಿನ ಮಾತಿಗೆ ಬಂದರೆ ಅಲ್ಲಿ ಬೇರೊಂದು ತೊಡಕು. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮದಂತೆ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಪಡೆಯುವಂತಿಲ್ಲ. ಎರಡು ಮೂರು ದಿನಗಳಲ್ಲಿ ಹಂಚಿ ಪಡೆದರೂ ವ್ಯವಹಾರ ಒಂದೇ ಆದುದರಿಂದ ತಪ್ಪು ತಪ್ಪೇ. ದಂಡ ಬೀಳುವುದು ಕೊಟ್ಟವನಿಗಲ್ಲ, ಪಡೆದವನಿಗೆ; ಅದೂ ಪಡೆದಷ್ಟೇ ಮೊತ್ತದವರೆಗೆ! ಅದಕ್ಕಿಂತ ಕಡಮೆಯ ನಗದನ್ನು ಪಡೆಯುವುದಾದರೂ ಬ್ಯಾಂಕಿನೊಳಗೇ ಪಡೆದು, ಎಣಿಸುವ ಯಂತ್ರಕ್ಕೆ ಕೊಟ್ಟು, ಆಗಲೇ ಖಾತೆಗೆ ಕಟ್ಟಿಬಿಡುವುದು ಜಾಣತನ. ಖೋಟಾ ನೋಟಿನ ಭಯವೂ ದಾರಿಗಳ್ಳರ ಭಯವೂ ಒಟ್ಟಿಗೇ ತಪ್ಪುತ್ತವೆ.

ಮೂರನೆಯವನ ಆಟ

ಎಲ್ಲಕ್ಕಿಂತ ಚತುರವಾದ ಮೋಸವೊಂದಿದೆ. ಅದರಲ್ಲಿ ಮಾರುವವರೂ ಪ್ರಾಮಾಣಿಕರು, ಕೊಳ್ಳುವವರೂ ಪ್ರಾಮಾಣಿಕರು; ಹಣ ಮಾತ್ರ ಮೂರನೆಯವನ ಪಾಲು.

ಅದು ನಡೆಯುವ ಬಗೆ ಹೀಗೆ. ಒಬ್ಬ ಗೃಹಸ್ಥರು ತಮ್ಮ ಕಾರನ್ನು ಐದು ಲಕ್ಷಕ್ಕೆ ಮಾರಾಟಕ್ಕಿಟ್ಟಿದ್ದಾರೆನ್ನೋಣ. ವಂಚಕನು ಅದೇ ಚಿತ್ರಗಳನ್ನು ಕದ್ದು, ಅದೇ ಕಾರನ್ನು ಮೂರೂವರೆ ಲಕ್ಷಕ್ಕೆಂದು ತನ್ನ ಸಂಖ್ಯೆಯೊಡನೆ ಬೇರೆಡೆ ಪ್ರಕಟಿಸುತ್ತಾನೆ. ಅಗ್ಗದ ಬೆಲೆಗೆ ಆಸೆಪಟ್ಟ ಇನ್ನೊಬ್ಬರು ಅವನನ್ನು ಸಂಪರ್ಕಿಸುತ್ತಾರೆ. ಅತ್ತ ಮಾರುವವರಿಗೆ ಕರೆ ಮಾಡಿ, “ಕಾರು ನನಗೆ ಒಪ್ಪಿಗೆ. ನೋಡಲು ನಮ್ಮ ಭಾವ ಬರುತ್ತಾರೆ. ನನಗೂ ಅವರಿಗೂ ಸ್ವಲ್ಪ ಲೇವಾದೇವಿಯಿದೆ, ಅವರ ಎದುರಿಗೆ ಬೆಲೆಯ ಮಾತು ಎತ್ತಬೇಡಿ” ಎನ್ನುತ್ತಾನೆ. ಇತ್ತ ಕೊಳ್ಳುವವರಿಗೆ, “ಕಾರು ನಮ್ಮ ಚಿಕ್ಕಪ್ಪನ ಮನೆಯಲ್ಲಿದೆ. ಹೋಗಿ ನೋಡಿ. ವ್ಯವಹಾರವೆಲ್ಲ ನನ್ನದು, ಅವರ ಹತ್ತಿರ ಬೆಲೆ ಮಾತಾಡಬೇಡಿ” ಎನ್ನುತ್ತಾನೆ. ಇಬ್ಬರೂ ಭೇಟಿಯಾಗುತ್ತಾರೆ, ಕಾಗದಪತ್ರ ನೋಡುತ್ತಾರೆ, ಇಬ್ಬರೂ ಸಭ್ಯರಾದುದರಿಂದ ಬೆಲೆಯ ಮಾತನ್ನು ಎತ್ತುವುದೇ ಇಲ್ಲ! ಕಾರು ಒಪ್ಪಿಗೆಯಾದ ಕೊಳ್ಳುವವರು ವಂಚಕನ ಖಾತೆಗೆ ಮೂರೂವರೆ ಲಕ್ಷ ಕಳುಹಿಸಿ, “ಕೀಲಿ ಕೊಡಿ” ಎನ್ನುತ್ತಾರೆ. ಮಾರುವವರು, “ಹಣವೆಲ್ಲಿ?” ಎನ್ನುತ್ತಾರೆ. ಮೂರನೆಯವನ ದೂರವಾಣಿ ಅಷ್ಟರಲ್ಲಿ ಮೌನ ತಾಳಿರುತ್ತದೆ. ಒಬ್ಬರನ್ನೊಬ್ಬರು ಕಳ್ಳರೆಂದು ಕರೆಯುತ್ತ ಇಬ್ಬರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಾರೆ.

ಈ ಬಲೆಯ ಹೆಣಿಗೆಯೆಲ್ಲ ಒಂದೇ ಎಳೆಯ ಮೇಲೆ ನಿಂತಿದೆ: ‘ಬೆಲೆಯ ಮಾತು ಎತ್ತಬೇಡಿ’ ಎಂಬ ಎಳೆ. ಕಾರಿನ ಮುಂದೆ ನಿಂತವರೊಡನೆ, “ನೀವು ಕೊಡುತ್ತಿರುವ ಬೆಲೆಯೆಷ್ಟು? ಹಣ ಯಾರ ಖಾತೆಗೆ ಕಳುಹಿಸುತ್ತೀರಿ?” ಎಂದು ಎರಡು ಮಾತು ಕೇಳಿದರೆ ಬಲೆ ಹರಿದುಹೋಗುತ್ತದೆ. ಬೆಲೆಯನ್ನು ಮುಚ್ಚಿಡಿರೆಂದು ಹೇಳುವ ಮಧ್ಯಸ್ಥನು ಮಧ್ಯಸ್ಥನಲ್ಲ. ಆ ಮಾತು ಕಿವಿಗೆ ಬಿದ್ದೊಡನೆ ವ್ಯವಹಾರವನ್ನು ನಿಲ್ಲಿಸುವುದೇ ಸರಿ.

ಬಂದ ಹಣವೂ ಬಂಧನವಾದೀತು

ಹಣ ನಿಜವಾಗಿ ಖಾತೆಗೆ ಬಂದರೂ ಒಂದು ಪ್ರಶ್ನೆ ಉಳಿಯುತ್ತದೆ: ಅದು ಯಾರ ಖಾತೆಯಿಂದ ಬಂದಿತು? ಬೇರೆ ಯಾರನ್ನೋ ವಂಚಿಸಿ ದೋಚಿದ ಹಣದಿಂದಲೇ ಕಾರಿನ ಬೆಲೆಯನ್ನು ತೀರಿಸಿ, ಕಾರನ್ನು ಒಯ್ದು ಮಾರಿಬಿಡುವ ಹಂಚಿಕೆಯುಂಟು. ಹಣ ಕಳೆದುಕೊಂಡವರು ದೂರು ಕೊಡುತ್ತಾರೆ. ಪೊಲೀಸರು ಹಣದ ಹೆಜ್ಜೆ ಹಿಡಿದು ಬರುತ್ತಾರೆ. ಹೆಜ್ಜೆ ಮುಗಿಯುವುದು ಕಾರು ಮಾರಿದವರ ಖಾತೆಯಲ್ಲಿ! ತನಿಖೆ ಮುಗಿಯುವವರೆಗೆ ಆ ಹಣ, ಕೆಲವೊಮ್ಮೆ ಇಡೀ ಖಾತೆ, ಸ್ತಂಭನವಾಗಬಹುದು. ತಪ್ಪಿಲ್ಲದವರೂ ಕಾಗದಪತ್ರ ಹಿಡಿದು ಅಲೆಯಬೇಕಾಗುತ್ತದೆ.

ಆದುದರಿಂದ ಯಾರ ಹೆಸರಿಗೆ ಕಾರು ವರ್ಗವಾಗುವುದೋ ಅವರ ಖಾತೆಯಿಂದಲೇ ಹಣ ಬರತಕ್ಕದ್ದು ಎಂಬ ಷರತ್ತನ್ನು ಮೊದಲೇ ಹೇಳಬೇಕು. “ಸ್ನೇಹಿತ ಹಾಕುತ್ತಾನೆ”, “ನಾಲ್ಕು ಖಾತೆಗಳಿಂದ ಸ್ವಲ್ಪ ಸ್ವಲ್ಪ ಬರುತ್ತದೆ” ಎಂಬ ಮಾತುಗಳಿಗೆ ಒಪ್ಪಬಾರದು. ಕ್ರಯಪತ್ರದಲ್ಲಿ ಕಾರಿನ ಸಂಖ್ಯೆ, ಇಂಜಿನ್ ಹಾಗೂ ಚಾಸಿಯ ಸಂಖ್ಯೆ, ಬೆಲೆ, ಹಣ ಬಂದ ದಿನಾಂಕ, ವರ್ಗಾವಣೆಯ ಸಂಖ್ಯೆ ಇವೆಲ್ಲವನ್ನೂ ಬರೆದು, ಕೊಳ್ಳುವವರ ಗುರುತಿನ ಚೀಟಿಯ ಪ್ರತಿಯೊಡನೆ ಇಟ್ಟುಕೊಂಡರೆ ಮುಂದೆ ಪ್ರಶ್ನೆ ಬಂದಾಗ ಅದೇ ರಕ್ಷೆ.

ಸುರಕ್ಷಿತವಾದ ರಾಜಮಾರ್ಗ

ಇಷ್ಟೆಲ್ಲ ಮೋಸಗಳ ಕಥೆ ಕೇಳಿ ಹೆದರಬೇಕಾಗಿಲ್ಲ. ಕ್ರಮ ತಪ್ಪದೆ ನಡೆದರೆ ಕಾರಿನ ಮಾರಾಟ ನಿರಾತಂಕವಾಗಿ ನಡೆಯುವಂಥದೇ.

ಕೊಳ್ಳುವವರು ಹಗಲು ಹೊತ್ತಿನಲ್ಲಿ ಬಂದು ಕಾರನ್ನು ನೋಡಲಿ. ಓಡಿಸಿ ನೋಡುವಾಗ ಅವರ ಚಾಲನಾ ಪರವಾನಗಿಯನ್ನು ಪರಿಶೀಲಿಸಿ, ಮನೆಯವರೊಬ್ಬರು ಜೊತೆಯಲ್ಲಿ ಕುಳಿತುಕೊಳ್ಳಲಿ. ಬೆಲೆ ಕುದುರಿದ ಮೇಲೆ ಸಂಚಕಾರವೆಂದು ಸ್ವಲ್ಪ ಮುಂಗಡವನ್ನು ಪಡೆದು ರಸೀದಿ ಬರೆದುಕೊಡಿ. ಉಳಿದ ಹಣಕ್ಕೆ ಬ್ಯಾಂಕಿನ ಕೆಲಸದ ದಿನವೊಂದನ್ನು ಗೊತ್ತುಮಾಡಿ. ಬೆಳಗಿನ ಹೊತ್ತಾದರೆ ಉತ್ತಮ. ಕೊಳ್ಳುವವರ ಬ್ಯಾಂಕಿನ ಶಾಖೆಗೆ ಇಬ್ಬರೂ ಕೂಡಿಯೇ ಹೋಗಿ. ಬೆಲೆ 2 ಲಕ್ಷಕ್ಕೆ ಕಡಮೆಯಿಲ್ಲದಿದ್ದರೆ ಆರ್.ಟಿ.ಜಿ.ಎಸ್. ಮೂಲಕ ಕಳುಹಿಸಬಹುದು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹಣ ಖಾತೆ ಸೇರುತ್ತದೆ. ಅದಕ್ಕಿಂತ ಕಡಮೆಯ ಮೊತ್ತಕ್ಕೆ ನೆಫ್ಟ್ ಇದೆ. 5 ಲಕ್ಷದವರೆಗೆ ಕ್ಷಣದಲ್ಲಿ ತಲುಪುವ ಐ.ಎಂ.ಪಿ.ಎಸ್. ಕೂಡ ಇದೆ. ಬ್ಯಾಂಕಿನವರು ಕೊಡುವ ವರ್ಗಾವಣೆಯ ಸಂಖ್ಯೆ ಹಣ ಹೊರಟಿತೆಂಬುದಕ್ಕೆ ಗುರುತು. ಹಣ ಬಂದಿತೆಂಬುದಕ್ಕೆ ಗುರುತು ನಿಮ್ಮ ಖಾತೆಯೊಂದೇ. ಎರಡನೆಯದನ್ನು ಕಾಣುವವರೆಗೆ ಅಲ್ಲಿಯೇ ಕುಳಿತಿರಲು ಸಂಕೋಚ ಬೇಡ.

ಹಣ ಕಂಡ ಮೇಲೆ ಸಹಿ. ಸಹಿಯಾದ ಮೇಲೆ ಕಾಗದಪತ್ರ. ಎಲ್ಲಕ್ಕಿಂತ ಕೊನೆಗೆ ಕೀಲಿಕೈ. ಈ ಸರಣಿಯನ್ನು ತಲೆಕೆಳಗು ಮಾಡಲು ಯಾರು ಏನೇ ಕಾರಣ ಹೇಳಿದರೂ, ರಾಹುಕಾಲ ಬರುತ್ತದೆಂದರೂ, ಮುಹೂರ್ತ ಮೀರುತ್ತದೆಂದರೂ, ಒಪ್ಪಬಾರದು.

ಕಾರು ಹೋದರೂ ಹೆಸರು ಉಳಿದರೆ?

ಹಣ ಬಂದಿತು, ಕಾರು ಹೋಯಿತು, ಇನ್ನು ನಿಶ್ಚಿಂತೆಯೆಂದು ಭಾವಿಸುವವರೇ ಬಹಳ. ಆದರೆ ಕಾನೂನಿನ ಕಣ್ಣಿಗೆ ಕಾರಿನ ಒಡೆಯನು ಹಣ ಕೊಟ್ಟವನಲ್ಲ. ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವನು. ಇದರ ಪರಿಣಾಮ ಎಷ್ಟು ಕಠಿನವಾಗಬಹುದೆಂಬುದಕ್ಕೆ 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಒಂದು ತೀರ್ಪು ನಿದರ್ಶನ. ಒಬ್ಬರು 2007ರಲ್ಲಿಯೇ ತಮ್ಮ ಕಾರನ್ನು ಮಾರಿದ್ದೆವೆಂದರು. ಆ ಕಾರು ಕೈಯಿಂದ ಕೈಗೆ ಬದಲಾಯಿತು. ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಅದರಿಂದ ಪ್ರಾಣಹಾನಿಯ ಅಪಘಾತ ಸಂಭವಿಸಿತು. ನೋಂದಣಿಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆಯೆಂದು ನ್ಯಾಯಾಲಯ ನಿರ್ಣಯಿಸಿತು.

ಆದುದರಿಂದ, ಜನ ಆರ್.ಟಿ.ಓ. ಎಂದು ಕರೆಯುವ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸವೂ ಮಾರಾಟದ ಭಾಗವೇ. ಮಾರಾಟವನ್ನು ತಿಳಿಸುವ 29ನೆಯ ನಮೂನೆ, ಹೆಸರು ಬದಲಾವಣೆಗೆ ಅರ್ಜಿಯಾದ 30ನೆಯ ನಮೂನೆ ಇವೆರಡಕ್ಕೂ ಸಹಿ ಬೇಕು. ಖಾಲಿ ನಮೂನೆಗೆ ಸಹಿ ಮಾಡಿಕೊಡುವುದು ಖಾಲಿ ಚೆಕ್ಕಿಗೆ ಸಹಿ ಮಾಡಿದಷ್ಟೇ ಅಪಾಯಕರ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕಗಳನ್ನು ತುಂಬಿದ ಮೇಲೆಯೇ ಲೇಖನಿ ಎತ್ತಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ಕಚೇರಿಗೆ ತಿಳಿಸತಕ್ಕದ್ದು. ಕೊಂಡವರು 30 ದಿನಗಳೊಳಗೆ. ಅವರು ಮಾಡಿಯಾರೆಂದು ಕಾಯದೆ ತಮ್ಮ ಪಾಲಿನದನ್ನು ತಾವು ಮಾಡಿ ಮುಗಿಸಿ, ಹೆಸರು ಬದಲಾಯಿತೇ ಎಂದು ವಿಚಾರಿಸುತ್ತಿರಬೇಕು. ಕೊಳ್ಳುವವರು ಬೇರೆ ರಾಜ್ಯದವರಾದರೆ ನಿರಾಕ್ಷೇಪಣಾ ಪತ್ರವೂ ಬೇಕು. ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದನ್ನು ತೀರಿಸಿ, ನೋಂದಣಿ ಪತ್ರದಿಂದ ಬ್ಯಾಂಕಿನ ಹೆಸರನ್ನು ತೆಗೆಸಿದ ಹೊರತು ವರ್ಗಾವಣೆ ಸಾಗದು.

ಕಾರನ್ನು ಒಪ್ಪಿಸಿದ ದಿನಾಂಕವನ್ನಷ್ಟೇ ಅಲ್ಲದೆ ಗಂಟೆ ನಿಮಿಷಗಳನ್ನೂ ಬರೆದು, ಕೊಂಡವರ ಸಹಿ ಪಡೆಯುವುದು ಒಳ್ಳೆಯದು. ಆ ಹೊತ್ತಿನಿಂದ ಆಚೆಗೆ ಬೀಳುವ ದಂಡದ ಚೀಟಿಗಳಿಗೆ ಅದೇ ಉತ್ತರ. ವಿಮಾ ಕಂಪನಿಗೂ ಸುದ್ದಿ ತಿಳಿಸಬೇಕು. ಗಾಜಿನ ಮೇಲಿನ ಫಾಸ್ಟ್ಯಾಗ್ ಚೀಟಿಯನ್ನು ಕಿತ್ತು, ಆ ಖಾತೆಯನ್ನೂ ಮುಚ್ಚಿಸಬೇಕು. ಇಲ್ಲವಾದರೆ ಕೊಂಡವರ ಪ್ರಯಾಣದ ಸುಂಕ ಮಾರಿದವರ ಖಾತೆಯಿಂದ ಕಳೆಯುತ್ತಿರುತ್ತದೆ!

ಎಡವಿದವರಿಗೆ ಎರಡು ಮಾತು

ಎಷ್ಟು ಜಾಗರೂಕರೂ ಒಮ್ಮೊಮ್ಮೆ ಎಡವುವುದುಂಟು. ಹಾಗಾದಾಗ ನಾಚಿಕೆಯಿಂದ ಮುಚ್ಚಿಡುವುದೇ ಎರಡನೆಯ ನಷ್ಟ. ವಿದ್ಯಾವಂತರು, ಅಧಿಕಾರದಲ್ಲಿದ್ದವರು, ‘ನನ್ನಂಥವನು ಮೋಸಹೋದೆನೆಂದು ಹೇಗೆ ಹೇಳಲಿ?’ ಎಂದು ಮನೆಯವರಿಗೂ ತಿಳಿಸದೆ ಒಂದು ರಾತ್ರಿಯನ್ನು ಕಳೆದುಬಿಡುತ್ತಾರೆ. ಆ ಒಂದು ರಾತ್ರಿಯಲ್ಲಿ ಹಣ ಹತ್ತು ಖಾತೆಗಳನ್ನು ದಾಟಿ ಮಾಯವಾಗಿರುತ್ತದೆ. ಮೋಸವೆಂದು ತಿಳಿದೊಡನೆಯೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಅದು ಸೈಬರ್ ವಂಚನೆಗೆ ಒಳಗಾದವರಿಗಾಗಿ ಇಡೀ ದೇಶಕ್ಕಿರುವ ಸಹಾಯವಾಣಿ. ಬೇಗ ತಿಳಿಸಿದರೆ, ಹಣ ಇನ್ನೂ ವಂಚಕನ ಖಾತೆಯಲ್ಲಿಯೇ ಇದ್ದರೆ, ಅದನ್ನು ಅಲ್ಲಿಯೇ ತಡೆಹಿಡಿಯುವ ಸಾಧ್ಯತೆಯಿದೆ. ಅದರೊಡನೆ ತಮ್ಮ ಬ್ಯಾಂಕಿಗೂ ತಿಳಿಸಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿಯ ಜಾಲತಾಣದಲ್ಲಿ ದೂರನ್ನು ದಾಖಲಿಸಬೇಕು. ಕಾರೇ ಹೋಗಿದ್ದರೆ ತಡಮಾಡದೆ ಹತ್ತಿರದ ಠಾಣೆಗೆ ದೂರು ಕೊಟ್ಟು, ಹೆಸರಿನ ವರ್ಗಾವಣೆಯನ್ನು ತಡೆಯುವಂತೆ ಸಾರಿಗೆ ಕಚೇರಿಗೂ ಲಿಖಿತವಾಗಿ ತಿಳಿಸಬೇಕು. ಸಂದೇಶಗಳನ್ನೂ ಕರೆಗಳ ಪಟ್ಟಿಯನ್ನೂ ಅಳಿಸಿಹಾಕಬಾರದು, ಅವೇ ಸಾಕ್ಷ್ಯ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ಎಲ್ಲರಿಗೂ ಗೊತ್ತು. ಬಾಗಿಲನ್ನು ಮೊದಲೇ ಹಾಕಲು ಅಡ್ಡಬರುವುದು ನಮ್ಮ ದಾಕ್ಷಿಣ್ಯ. ಮನೆಗೆ ಬಂದವರನ್ನು, ಕಾಫಿ ಕುಡಿದವರನ್ನು, ‘ಹಣ ಖಾತೆಗೆ ಬರಲಿ, ಆಮೇಲೆ ಕೀಲಿ’ ಎಂದು ಕಾಯಿಸುವುದು ಅವಮರ್ಯಾದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಪ್ರಾಮಾಣಿಕನಾದ ಕೊಳ್ಳುವವನಿಗೆ ಇದರಿಂದ ಬೇಸರವಾಗದು. ತನ್ನ ಹಣವೂ ಸರಿಯಾದ ಕೈ ಸೇರುತ್ತಿದೆಯೆಂಬ ನೆಮ್ಮದಿ ಅವನಿಗೂ ಬೇಕು. ಕಾಯಿಸಿದರೆ ಕೋಪಿಸಿಕೊಳ್ಳುವವನು, ಎದ್ದು ಹೋಗುವೆನೆಂದು ಹೆದರಿಸುವವನು ಹೋಗಲಿ. ಕಾರು ಇನ್ನೂ ನಾಲ್ಕು ದಿನ ಮನೆಯ ಮುಂದೆ ನಿಂತಿದ್ದರೆ ಸ್ವಲ್ಪ ಧೂಳು ಕೂತೀತು, ಅಷ್ಟೆ. ಒರೆಸಿದರೆ ಹೋಗುತ್ತದೆ.